ಬ್ಯೂರೆಟ್ಟಿನ ಮೂಗು

ಕಾಲೇಜಿನಲ್ಲಿ ಅವನಿಗೆ ಬ್ಯೂರೆಟ್ ಎಂದು ಹೆಸರಿಟ್ಟವಳು ರೇಡಿಯೋ ಎಂಬ ಅಡ್ಡಹೆಸರಿನ ಸಹಪಾಠಿ. ಅವನು ಉದ್ದಕ್ಕೆ, ಸಣ್ಣಗೆ, ನೆಟ್ಟಗೆ ಇದ್ದ. ಮಾತು ಬಂದರೆ ಹನಿಹನಿಯಾಗಿ ಬರುತ್ತಿತ್ತು, ಅದೂ ಯಾರಾದರೂ ತಿರುಪು ತಿರುವಿದರೆ. ಪ್ರಯೋಗಶಾಲೆಯ ಸ್ಟ್ಯಾಂಡಿಗೆ ಸಿಕ್ಕಿಸಿದ ಆ ಉದ್ದನೆಯ ಗಾಜಿನ ಕೊಳವೆಯನ್ನು ಒಮ್ಮೆ ನೋಡಿದವರಿಗೆ ಬೇರೆ ಹೆಸರು ಹೊಳೆಯುವಂತೆಯೇ ಇರಲಿಲ್ಲ. ಮೊನ್ನೆ ಅವನನ್ನು ಸ್ಮಶಾನಕ್ಕೆ ಕಳಿಸಿಕೊಡಲು ಸೇರಿದ್ದ ಕೆಲವೇ ಜನರಲ್ಲೂ, ಅವನ ನಿಜವಾದ ಹೆಸರು ಕೇಳಿ ‘ಯಾರು?’ ಎಂದವರಿದ್ದರು. ಬ್ಯೂರೆಟ್ ಎಂದ ಮೇಲೆ ಸುಮ್ಮನಾದರು.

ದೊಡ್ಡದಾಗಿ ಹೇಳಿಕೊಳ್ಳುವಂಥದ್ದು ಅವನ ಬದುಕಿನಲ್ಲಿ ನಡೆಯಲಿಲ್ಲ. ನಡೆದದ್ದು ಒಂದೇ, ಅದೂ ಡಿಗ್ರಿಯ ಕೊನೆಯ ವರ್ಷದಲ್ಲಿ. ಅದನ್ನು ಅವನು ಬಸ್ಸಿನಲ್ಲಿ ಪಕ್ಕ ಕೂತವರಿಗೆ ವರ್ಷಗಟ್ಟಲೆ ತುಂಡುತುಂಡಾಗಿ ಹೇಳಿದ್ದ. ಆ ತುಂಡುಗಳನ್ನು ಜೋಡಿಸಿದರೆ ಹೀಗಾಗುತ್ತದೆ.

ಅವನಿಗೆ ಹುಟ್ಟಿನಿಂದಲೇ ವಾಸನೆ ತಿಳಿಯುತ್ತಿರಲಿಲ್ಲ. ಕುರುಡುತನ, ಕಿವುಡುತನ ನಾಲ್ಕು ದಿನದಲ್ಲಿ ಮನೆಯವರ ಕಣ್ಣಿಗೆ ಬೀಳುತ್ತವೆ. ಇದು ಬೀಳುವುದಿಲ್ಲ. ತಾಯಿ ಅವನಿಗೆ ನಡಿಗೆ ಬರುವ ಮೊದಲೇ ಹೋಗಿದ್ದಳು. ಸಾಕಿದವಳು ಅಕ್ಕ. ಅಕ್ಕ ಒಲೆಯ ಮುಂದೆ ನಿಂತಿರುವಾಗ ಮನೆಗೆ ಬಂದವರೆಲ್ಲ ಮೂಗರಳಿಸಿ ‘ಏನು ಘಮ!’ ಎನ್ನುತ್ತಿದ್ದರು. ಅಕ್ಕನ ಮುಖ ಅರಳುತ್ತಿತ್ತು. ಇವನೂ ಕಲಿತ. ಬಾಗಿಲಲ್ಲಿ ಚೀಲ ಎಸೆಯುತ್ತಲೇ ‘ಅಕ್ಕಾ, ಏನು ಘಮ!’ ಎಂದು ಕೂಗುವುದು ಅವನ ಪಾಲಿಗೆ ನಮಸ್ಕಾರ ಹೇಳಿದಷ್ಟೇ ಸಹಜವಾಯಿತು. ಚರಂಡಿ ದಾಟುವಾಗ ಎಲ್ಲರ ಹಾಗೆ ಮೂಗು ಮುಚ್ಚಿಕೊಂಡ. ಹೂವು ಕೊಟ್ಟರೆ ಎಲ್ಲರ ಹಾಗೆ ಕಣ್ಣು ಮುಚ್ಚಿ ಉಸಿರೆಳೆದ. ದೊಡ್ಡವರು ಕಲಿಸಿದ ಮರ್ಯಾದೆಗಳಲ್ಲಿ ಇದೂ ಒಂದು ಎಂದುಕೊಂಡಿದ್ದ.

ಎಂಟನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಒಂದು ದಿನ ಬಾಟಲಿಯೊಂದನ್ನು ತಂದು ಮೇಜಿನ ಮೇಲಿಟ್ಟರು. “ಇದರಲ್ಲಿರೋದು ಬಹಳ ಘಾಟು ದ್ರವ. ಮುಚ್ಚಳ ತೆಗಿತೀನಿ. ಯಾರ್ಯಾರಿಗೆ ವಾಸನೆ ಮುಟ್ಟುತ್ತೋ ಅವರು ಕೈ ಎತ್ತಬೇಕು” ಎಂದರು. ಮುಂದಿನ ಬೆಂಚಿನವರು ಎತ್ತಿದರು. ಆಮೇಲೆ ಎರಡನೆಯವರು, ಮೂರನೆಯವರು. ಒಬ್ಬಳು ಕೆಮ್ಮಿದಳು ಕೂಡ. ಇವನು ಎದುರಿನವನ ಕೈ ಮೇಲೆ ಕಣ್ಣಿಟ್ಟು ಸರಿಯಾದ ಹೊತ್ತಿಗೆ ತನ್ನದನ್ನು ಎತ್ತಿದ. ಹಿಂದಿನ ಬೆಂಚಿನ ತನಕ ಕೈಗಳೆದ್ದ ಮೇಲೆ ಮೇಷ್ಟ್ರು ಬಾಟಲಿಯನ್ನು ಬಾಯಿಗೆ ಹಿಡಿದು ಗಟಗಟ ಕುಡಿದುಬಿಟ್ಟರು.

“ನೀರು ಕಣ್ರಪ್ಪಾ. ಬರೀ ನಲ್ಲಿ ನೀರು. ನಿಮ್ಮ ಮೂಗು ಹೇಳಿದ್ದು ಬಿಟ್ಟು ಪಕ್ಕದವನ ಕೈ ನೋಡಿದ್ರೆ ಹೀಗೇ ಆಗೋದು.”

ತರಗತಿಯೆಲ್ಲ ನಾಚಿ ನಕ್ಕಿತು. ಇವನಿಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಹಾಗಾದರೆ ಎಲ್ಲರೂ ನನ್ನ ಹಾಗೆಯೇ! ಯಾರಿಗೂ ಏನೂ ತಿಳಿಯುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೂಗರಳಿಸುತ್ತಾರೆ, ಅಷ್ಟೆ. ಮೇಷ್ಟ್ರು ಕಲಿಸಹೊರಟಿದ್ದ ಪಾಠ ಒಂದು, ಇವನು ಕಲಿತದ್ದು ಇನ್ನೊಂದು. ರಸಾಯನಶಾಸ್ತ್ರದ ಮೇಲೆ ಅವನಿಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಸುಳ್ಳನ್ನು ಹೀಗೆ ಎಲ್ಲರೆದುರು ಗಟಗಟ ಕುಡಿದು ತೋರಿಸುವ ವಿದ್ಯೆ ಬೇರೆ ಯಾವುದಿದೆ?

ಈ ನೆಮ್ಮದಿ ಡಿಗ್ರಿಯ ಮೊದಲ ವರ್ಷದ ತನಕ ಉಳಿಯಿತು. ಪ್ರಯೋಗಶಾಲೆಯಲ್ಲಿ ಮೇಜಿಗೆ ಇಬ್ಬರು. ಇವನಿಗೆ ಜೊತೆಯಾದವಳು ಒಬ್ಬ ದುಂಡು ಮುಖದ ಹುಡುಗಿ. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚುವವಳಲ್ಲ, ಆದ್ದರಿಂದ ರೇಡಿಯೋ. ಅವಳು ಕಂಡದ್ದನ್ನು, ಮುಟ್ಟಿದ್ದನ್ನು, ಮೂಸಿದ್ದನ್ನು ಹೇಳದೆ ಬಿಡುತ್ತಿರಲಿಲ್ಲ.

“ಅಯ್ಯಪ್ಪಾ, ಕೊಳೆತ ಮೊಟ್ಟೆ! ಇವತ್ತು ನಾನು ಊಟ ಮಾಡಿದ ಹಾಗೇ. ಏ ಬ್ಯೂರೆಟ್, ನಿನಗೇನೂ ಅನ್ನಿಸಲ್ವೇನೋ?”

“ಅನ್ನಿಸುತ್ತೆ.”

“ಮುಖ ನೋಡಿದ್ರೆ ಬಸ್ಸಿಗೆ ಕಾಯೋನ ಹಾಗಿದ್ದೀಯ.”

ಇವಳೂ ನಟಿಸುತ್ತಾಳೆ, ಸ್ವಲ್ಪ ಜಾಸ್ತಿ ನಟಿಸುತ್ತಾಳೆ ಎಂದುಕೊಂಡ ಅವನು. ಅಮೋನಿಯಾದ ಬಾಟಲಿ ತೆಗೆದರೆ ಅವನ ಕಣ್ಣಲ್ಲೂ ನೀರು ಬರುತ್ತಿತ್ತು, ಮೂಗಿನೊಳಗೆ ಚುಚ್ಚಿದಂತಾಗುತ್ತಿತ್ತು. ವಾಸನೆ ಎಂದರೆ ಈ ಚುಚ್ಚುವಿಕೆಯೇ, ಉಳಿದದ್ದು ಬಾಯಿಮಾತು ಎಂಬುದು ಅವನ ಸಿದ್ಧಾಂತ. ಸಿದ್ಧಾಂತವಿದ್ದ ಮೇಲೆ ಪರೀಕ್ಷಿಸಬೇಕಲ್ಲ. ಒಂದು ಮಧ್ಯಾಹ್ನ ಪ್ರಯೋಗ ಬೇಗ ಮುಗಿದಿತ್ತು. ಅವನು ಹತ್ತಿಯ ಉಂಡೆಗಳಿಗೆ ಬೇರೆಬೇರೆ ಬಾಟಲಿಗಳಿಂದ ಒಂದೊಂದು ಹನಿ ಹಾಕಿ ಸಾಲಾಗಿ ಇಟ್ಟ.

“ಕಣ್ಣು ಮುಚ್ಚು. ಆಟ.”

“ಬ್ಯೂರೆಟ್ ಆಟ ಆಡ್ತಾನಂತೆ! ಯಾರಾದ್ರೂ ಬನ್ರೇ ನೋಡೋಕೆ” ಎಂದು ಕೂಗಿಕೊಂಡೇ ಅವಳು ಕಣ್ಣು ಮುಚ್ಚಿದಳು. ಅವನು ಒಂದೊಂದನ್ನೇ ಹಿಡಿದ.

“ಇದು ಉಗುರಿನ ಬಣ್ಣ ಅಳಿಸೋದು. ಇದು ಲವಂಗ, ಹಲ್ಲಿನ ಡಾಕ್ಟರ ಕೋಣೆ. ಇದು... ಬಾಳೆಹಣ್ಣು. ಅಲ್ಲ, ಬಾಳೆಹಣ್ಣಿನ ಪೆಪ್ಪರಮೆಂಟು. ಇದು ಸ್ಪಿರಿಟ್ಟು. ಇದು... ಏಯ್, ಇದು ಎರಡನೇದೇ! ಮತ್ತೆ ಕೊಡ್ತಿದ್ದೀಯ. ಮೋಸಗಾರ.”

ಎರಡನೆಯದನ್ನು ಅವನು ಬೇಕೆಂದೇ ಮತ್ತೆ ಹಿಡಿದಿದ್ದ. ಅವಳು ಕಣ್ಣು ತೆರೆದು ಗೆದ್ದವಳ ಹಾಗೆ ನಕ್ಕಳು. ಇವನೂ ತುಟಿ ಅಗಲಿಸಿದ. ಸಿದ್ಧಾಂತ ಬಿದ್ದುಹೋಗಿತ್ತು. ಹತ್ತಿಯ ಉಂಡೆಯನ್ನು ಅವಳು ಹೊರಟ ಮೇಲೆ ಮೂಗಿಗೆ ಒತ್ತಿ ಒತ್ತಿ ಹಿಡಿದ. ತಣ್ಣಗಿತ್ತು. ತಣ್ಣಗಿದ್ದದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಎಲ್ಲರ ಜೊತೆ ಇದ್ದೇನೆ ಎಂದುಕೊಂಡವನಿಗೆ, ಉಳಿದವರೆಲ್ಲ ಪಕ್ಕದ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದಾರೆ ಎಂದು ಅಂದು ಗೊತ್ತಾಯಿತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ರಸಾಯನಶಾಸ್ತ್ರ ಬಿಡಿಸುತ್ತಾರೆಂಬ ಭಯ. ಕೊಟ್ಟ ವಸ್ತು ಯಾವುದೆಂದು ಕಂಡುಹಿಡಿಯುವಾಗ ಮೊದಲು ಬರೆಯಬೇಕಾದದ್ದೇ ಬಣ್ಣ ಮತ್ತು ವಾಸನೆ. ಅವನು ಬೇರೆ ದಾರಿ ಹುಡುಕಿಕೊಂಡ. ಕೆಲವು ಅನಿಲಗಳನ್ನು ಒದ್ದೆ ಕಾಗದದ ಬಣ್ಣ ನೋಡಿ ಹಿಡಿಯುತ್ತಿದ್ದ, ಕೆಲವನ್ನು ಬಿಳಿ ಹೊಗೆ ಎಬ್ಬಿಸಿ. ಉಳಿದದ್ದಕ್ಕೆಲ್ಲ ರೇಡಿಯೋ ಇದ್ದಳು. ಅವಳು ಬಾಯಿಬಿಟ್ಟು ಹೇಳಿದ್ದನ್ನು ಇವನು ಪುಸ್ತಕದ ಮಾತಿಗೆ ತಿರುಗಿಸಿ ಬರೆಯುತ್ತಿದ್ದ. ಅವಳದು ‘ಶೂ ಪಾಲಿಷಿನ ಹಾಗೆ ಕಣೋ’, ಇವನದು ‘ನೈಟ್ರೋಬೆಂಜೀನ್ ಇರಬಹುದು’. ಪಾಠ ಹೇಳುವ ಮೇಡಂ ಇವನ ಪುಸ್ತಕವನ್ನು ಎತ್ತಿ ಹಿಡಿದು ‘ಹೀಗೆ ಬರೀಬೇಕು’ ಎಂದು ತೋರಿಸುತ್ತಿದ್ದರು. ರೇಡಿಯೋ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ಆದರೆ ಅವನನ್ನು ಒಳಗೊಳಗೇ ತಿಂದದ್ದು ಬೇರೆ. ನನ್ನ ಮೈಯಿಂದ ಏನು ಬರುತ್ತಿದೆ? ಎಲ್ಲರಿಗೂ ಗೊತ್ತಿರುವ, ತನಗೆ ಮಾತ್ರ ಎಂದೂ ಗೊತ್ತಾಗದ ಸಂಗತಿಯೊಂದು ತನ್ನ ಬೆನ್ನಿಗೇ ಅಂಟಿಕೊಂಡಿದೆ. ಬಸ್ಸಿನಲ್ಲಿ ಪಕ್ಕದವನು ಎದ್ದು ಬೇರೆ ಕಡೆ ಹೋದರೆ ಅದು ಕಿಟಕಿಯ ಆಸೆಗೋ, ಇನ್ನೇತಕ್ಕೋ? ಪುಸ್ತಕ ತೆಗೆದು ನೋಡಿದ. ಮೈ ನಾರುವುದು ಬೆವರಿನಿಂದಲ್ಲ, ಬೆವರು ತಿನ್ನುವ ಸೂಕ್ಷ್ಮಜೀವಿಗಳಿಂದ ಎಂದಿತ್ತು. ಅವನು ಇದ್ದದ್ದು ಅಕ್ಕ-ಭಾವನ ಮನೆಯಲ್ಲಿ. ಭಾವ ಸೋಪಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೇಸ್ತ್ರಿ. ಮನೆಯಲ್ಲಿ ಮೂಲೆ ಮುರಿದ ಪರಿಮಳದ ಸೋಪುಗಳು ರಾಶಿ ಬಿದ್ದಿರುತ್ತಿದ್ದವು. ಇವನು ಅವನ್ನು ಮುಟ್ಟಲಿಲ್ಲ. ಜೀವಿಗಳನ್ನು ಕೊಲ್ಲುತ್ತದೆ ಎಂದು ಹೊದಿಕೆಯ ಮೇಲೆ ಬರೆದಿದ್ದ ಕೆಂಪು ಸೋಪನ್ನು ಅಂಗಡಿಯಿಂದ ತಂದು ಬೆಳಿಗ್ಗೆ ಸಂಜೆ ಉಜ್ಜಿಕೊಂಡ. ಅಂಗಿ ನೆನೆಹಾಕುವ ನೀರಿಗೆ ಗಾಯ ತೊಳೆಯುವ ಔಷಧಿ ಬೆರೆಸಿದ. ಅಷ್ಟಾದರೂ ಯಾರ ಪಕ್ಕದಲ್ಲೂ ಒತ್ತಿ ಕೂರುತ್ತಿರಲಿಲ್ಲ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಡುತ್ತಿದ್ದ. ತರಗತಿಯವರೂ ಆ ಜಾಗವನ್ನು ಹಾಗೇ ಬಿಟ್ಟರು. ಒಂದು ಮಾತು ಯಾರನ್ನಾದರೂ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲು ಮೊದಲು ಉಳಿದದ್ದನ್ನೆಲ್ಲ ಹೇಳಬೇಕಿತ್ತು.

ಕೊನೆಯ ವರ್ಷ ಬಂತು. ಪ್ರಯೋಗಶಾಲೆಯ ಹಿಂದಿನ ಮೆಟ್ಟಿಲ ಮೇಲೆ ದಿನವೂ ಅದೇ ಮಾತು, ಮುಂದೇನು. ಒಬ್ಬನಿಗೆ ಔಷಧಿ ಕಂಪನಿಯ ಪ್ರತಿನಿಧಿಯಾಗಿ ಬೈಕಿನಲ್ಲಿ ಸುತ್ತುವ ಆಸೆ. ಇನ್ನೊಬ್ಬಳು ಟೀಚರಾಗುತ್ತೇನೆ ಎಂದರೆ ಉಳಿದವರು ‘ಪಾಪ ಮಕ್ಕಳು’ ಎಂದು ಕೈಮುಗಿದರು. ಬಣ್ಣದ ಕಾರ್ಖಾನೆ, ಬ್ಯಾಂಕಿನ ಪರೀಕ್ಷೆ, ಹೀಗೆ.

“ನನಗೆ ಮೂಗಿನ ಕೆಲಸ ಬೇಕು” ಎಂದಳು ರೇಡಿಯೋ.

“ಹೋಗಿ ಪೊಲೀಸ್ ನಾಯಿ ಆಗು” ಎಂದ ಒಬ್ಬ.

“ನಗ್ರೋ, ನಗ್ರಿ. ಪರಿಮಳ ಬೆರೆಸೋ ಕೆಲಸ ಅಂತಲೇ ಇದೆ. ಅಲ್ಲಿ ದಿನವಿಡೀ ಮೂಸೋದೇ. ಸುಮ್ನೆ ಕೂರು ಅನ್ನೋರಿಲ್ಲ, ಏನು ಬಂತು ಹೇಳಮ್ಮ ಅಂತ ಕೇಳ್ತಾರೆ. ಜನ್ಮದಲ್ಲಿ ಒಂದ್ಸಲ ಯಾರಾದ್ರೂ ನನ್ನ ಮಾತು ಕೇಳಬೇಕು ಕಣೋ.” ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ. “ನೀನೇನೋ ಬ್ಯೂರೆಟ್?”

“ಪ್ರಯೋಗಶಾಲೆ” ಎಂದ.

“ಯಾವುದು?”

“ಯಾವುದಾದ್ರೂ.”

ಅವನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಗಾಜಿನ ಸಾಮಾನು, ತಕ್ಕಡಿ, ತನಗೆ ಕಾಣುವ ಬಣ್ಣಗಳು. ಎಲ್ಲಿಯಾದರೂ ಸರಿ, ಅಲ್ಲಿಂದ ಎಬ್ಬಿಸಬಾರದು.

ಪರೀಕ್ಷೆಗಳು ಮುಗಿದ ವಾರ ಒಂದು ಸಂಜೆ ಭಾವ ಊಟದ ಡಬ್ಬಿ ಕೆಳಗಿಡುವ ಮೊದಲೇ ಸುದ್ದಿ ಹೇಳಿದ. “ನಮ್ಮ ಕಾರ್ಖಾನೆ ಲ್ಯಾಬಲ್ಲಿ ಒಂದು ಜಾಗ ಇದೆಯಂತೆ. ದೊಡ್ಡೋರ ಹತ್ರ ಮಾತಾಡಿದ್ದೀನಿ. ನನ್ನ ಹೆಂಡತಿ ತಮ್ಮ, ಬಾಯಿ ಸತ್ತೋನು, ಆದ್ರೆ ಕೈ ಚುರುಕು ಅಂದೆ. ಹೋಗಿ ಮರ್ಯಾದೆ ಉಳಿಸು.” ಅಕ್ಕ ಆ ರಾತ್ರಿಯೇ ಅವನ ಒಳ್ಳೆಯ ಅಂಗಿಯ ಗುಂಡಿ ಬಿಗಿ ಮಾಡಿದಳು.

ಕಾರ್ಖಾನೆಗೆ ಹೋದ ಮೇಲೆ ಗೊತ್ತಾಯಿತು, ಜಾಗ ಇದ್ದದ್ದು ಪರಿಮಳ ವಿಭಾಗದಲ್ಲಿ. ಬೆಂಚಿನ ಮೇಲೆ ರೇಡಿಯೋ ಕೂತಿದ್ದಳು, ಕೂದಲು ಬಿಗಿಯಾಗಿ ಕಟ್ಟಿ. ಕಾಲೇಜಿನ ಫಲಕ ನೋಡಿ ಅರ್ಜಿ ಹಾಕಿದ್ದಳಂತೆ. “ನೀನೂ ಬಂದ್ಯಾ? ಅಯ್ಯೋ, ಹೇಳಬಾರದೇನೋ ಪುಣ್ಯಾತ್ಮ! ಒಟ್ಟಿಗೇ ಬರ್ತಿದ್ವಿ” ಎಂದಳು. ಎದ್ದು ಹೋಗಿಬಿಡಬೇಕು ಎಂದು ಅವನಿಗೆ ಅನ್ನಿಸಿತು. ಗಾಜಿನ ಆಚೆ ಭಾವ ಪ್ಯಾಕಿಂಗ್ ಬಿಟ್ಟು ಬಂದು ನಿಂತು, ಜೊತೆಯವರಿಗೆ ಇವನನ್ನು ತೋರಿಸುತ್ತಿದ್ದ.

ವಿಭಾಗದ ಮುಖ್ಯಸ್ಥರು ನರೆಗೂದಲಿನ, ಮೆಲುಮಾತಿನ ಮನುಷ್ಯ. ಇಬ್ಬರನ್ನೂ ಒಂದೇ ಮೇಜಿನ ಎರಡು ಬದಿಗೆ ಕೂರಿಸಿ, ತುದಿಯನ್ನು ಎಣ್ಣೆಯಲ್ಲಿ ಅದ್ದಿದ ಕಾಗದದ ಪಟ್ಟಿಗಳನ್ನು ಇಬ್ಬರ ಮುಂದೆಯೂ ಒಂದೇ ಕ್ರಮದಲ್ಲಿ ಇಟ್ಟರು. “ಅವಸರ ಬೇಡ. ಏನು ಅನ್ನಿಸುತ್ತೋ ಬರೀರಿ” ಎಂದು ಹೇಳಿ ಕಿಟಕಿಯ ಕಡೆ ಹೋದರು.

ರೇಡಿಯೋಗೆ ಬಾಯಿ ಮುಚ್ಚಿ ಮೂಸಲು ಬರುವುದಿಲ್ಲ. ಅವಳು ತನ್ನಷ್ಟಕ್ಕೆ ಗುನುಗಿದಳು. “ನಿಂಬೆಹಣ್ಣು... ಉಹುಂ, ಪಾತ್ರೆ ತಿಕ್ಕೋ ಪುಡಿ. ಇದು ಗುಲಾಬಿ, ಬಾಡಿ ಎರಡು ದಿನ ಆಗಿದೆ. ಇದು ಪೆನ್ಸಿಲ್ ಕೆತ್ತಿದ ಹಾಗೆ. ಮತ್ತೆ ನಮ್ಮ ಹಲ್ಲಿನ ಡಾಕ್ಟರು...”

ಇವನ ಕೈ ತಾನಾಗಿ ಪೆನ್ನು ಎತ್ತಿತು. ಮೂರು ವರ್ಷದ ಅಭ್ಯಾಸ. ಪಟ್ಟಿಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಚಿಕ್ಕಂದಿನಿಂದ ಕಲಿತ ಹಾಗೆ ಉಸಿರೆಳೆದು, ಬರೆದ. ಸಿಟ್ರಾಲ್. ಜೆರಾನಿಯೋಲ್. ದೇವದಾರು ಮರದ ಎಣ್ಣೆ. ಯೂಜಿನಾಲ್. ಬರೆದದ್ದನ್ನು ಓದಿ ಮುಖ್ಯಸ್ಥರು ಕನ್ನಡಕದ ಮೇಲಿಂದ ಅವನನ್ನೇ ನೋಡಿದರು. ಪಾತ್ರೆ ತಿಕ್ಕುವ ಪುಡಿಯ ಹಾಳೆಯನ್ನು ಓದಿ ನಸುನಕ್ಕರು.

ಮರುದಿನ ಭಾವ ಹಾರಿಕೊಂಡೇ ಮನೆಗೆ ಬಂದ. “ಆಯ್ತು! ಅಂಥ ಮೂಗು ನೋಡೇ ಇಲ್ಲ ಅಂದರಂತೆ. ಇವನು ಅಕಸ್ಮಾತ್ ಬೇಡ ಅಂದ್ರೆ ಮಾತ್ರ ಆ ಬಾಯಿಬಡಕಿನ ಕರೀರಿ ಅಂದರಂತೆ. ನಮ್ಮ ವಿಭಾಗದಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೀನಿ.”

ರೇಡಿಯೋ ಕಾಲೇಜಿನಲ್ಲಿ ಎಲ್ಲರೆದುರು ಅವನ ಬೆನ್ನಿಗೆ ಗುದ್ದಿದಳು. “ಕಳ್ಳ! ನಿನ್ನ ಮೂಗು ಇಷ್ಟು ಚೂಪು ಅಂತ ಮೂರು ವರ್ಷದಲ್ಲಿ ಒಂದು ದಿನ ಬಾಯಿ ಬಿಡಲಿಲ್ಲ.” ಆಮೇಲೆ, ಉಳಿದವರು ಆಚೆ ಹೋದ ಮೇಲೆ, ಅವಳಿಗೆ ಅಭ್ಯಾಸವಿಲ್ಲದ ಸಣ್ಣ ದನಿಯಲ್ಲಿ ಹೇಳಿದಳು. “ನನ್ನ ಹತ್ರ ಇದ್ದಿದ್ದು ಅದೊಂದೇ ಅಂದ್ಕೊಂಡಿದ್ದೆ. ಅದೂ ಅಂಥದ್ದೇನಲ್ಲ ಅಂತಾಯ್ತು. ಹೋಗ್ಲಿ ಬಿಡು, ನೀನಾದ್ರೂ ಹೋಗ್ತಿದ್ದೀಯಲ್ಲ.”

ಅವನು ಸೋಮವಾರ ಕೆಲಸಕ್ಕೆ ಸೇರಬೇಕಿತ್ತು. ಬೇಕಿದ್ದ ಪ್ರಯೋಗಶಾಲೆ ಸಿಕ್ಕಿತ್ತು. ಸಿಕ್ಕಿದ್ದು ಅವಳ ಮೂಗಿನಿಂದ, ಅವಳಿಗೇ ಸಿಗಬೇಕಿದ್ದ ಜಾಗದಲ್ಲಿ. ಸುಮ್ಮನಿದ್ದರೆ ಕೆಲವು ತಿಂಗಳಾದರೂ ನಡೆಯುತ್ತದೆ. ಹೇಳಿದರೆ ಜಾಗವೂ ಇಲ್ಲ, ಭಾವನ ಮರ್ಯಾದೆಯೂ ಇಲ್ಲ. ಎರಡು ದಿನ ಊಟ ಸೇರಲಿಲ್ಲ. ಮೊದಲು ಅಕ್ಕನಿಗೆ ಹೇಳುವುದು ಎಂದುಕೊಂಡ. ಅಕ್ಕ ಬಯ್ಯುತ್ತಾಳೆ, ಅಳುತ್ತಾಳೆ, ಆಮೇಲೆ ದಾರಿ ತೋರಿಸುತ್ತಾಳೆ.

ಅಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, “ಅಕ್ಕಾ, ನನಗೆ ವಾಸನೆ ಗೊತ್ತಾಗಲ್ಲ” ಎಂದ.

“ಶೀತ ಆಗಿರಬೇಕು. ಬಿಸಿನೀರಿನ ಹಬೆ ತಗೋ.”

“ಶೀತ ಅಲ್ಲ. ಹುಟ್ಟಿದಾಗಿನಿಂದ.”

ಅಕ್ಕ ನಕ್ಕಳು. “ಹಾಗಾದ್ರೆ ಒಳ್ಳೇದೇ ಆಯ್ತು. ನಿಮ್ಮ ಭಾವನ ಕಾಲುಚೀಲ ಇನ್ನು ಮೇಲೆ ನೀನೇ ಒಗಿ.”

ಅವನು ನಗಲಿಲ್ಲ. ನಿಂತಲ್ಲೇ ನಿಂತಿದ್ದ. ಅಕ್ಕ ಚಾಕು ಕೆಳಗಿಟ್ಟಳು. ಅವನ ಮುಖವನ್ನು ನೋಡುತ್ತ ನೋಡುತ್ತ ಅವಳ ನಗು ಇಳಿಯಿತು.

“ಮತ್ತೆ ದಿನಾ ಬಂದು ಏನು ಘಮ ಅಕ್ಕಾ ಅಂತಿದ್ಯಲ್ಲೋ?”

ಅವನು ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದ.

“ಚಿಕ್ಕಂದಿನಿಂದ ಅಂತಿದ್ದೆ. ನಿಮ್ಮ ಭಾವ ಬಾಯಿ ತಪ್ಪಿಯೂ ಒಂದು ಮಾತು ಆಡಲ್ಲ. ನೀನೊಬ್ಬ ಅಂತಿದ್ದೆ ಅಂತ ನಾನು...” ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿಯದೋ ಏನೋ. “ಅದೂ ಸುಳ್ಳಾ?”

“ನೀನು ಖುಷಿ ಪಡ್ತಿದ್ದೆ” ಎಂದ.

ಅಕ್ಕ ಮತ್ತೆ ಚಾಕು ಎತ್ತಿಕೊಂಡಳು. ಅವನು ಕೇಳಲು ಬಂದ ದಾರಿ ಯಾವುದೆಂದು ಅವಳು ಕೇಳಲೇ ಇಲ್ಲ. ಆ ಸಂಜೆ ತಟ್ಟೆ ಇಟ್ಟಾಗ, ಏನನ್ನಬೇಕೋ ತಿಳಿಯದೆ ಅವನು “ಬಿಸಿಯಾಗಿದೆ” ಎಂದ. ಅಕ್ಕ “ಹೂಂ” ಎಂದು ಒಳಗೆ ಹೋದಳು. ನಿಜ ಹೇಳಿದ ಮೇಲೆ ಮನೆ ಇಷ್ಟು ಸದ್ದಿಲ್ಲದೆ ಇರುತ್ತದೆ ಎಂದು ಅವನು ಎಣಿಸಿರಲಿಲ್ಲ.

ಮರುದಿನ ರೇಡಿಯೋಳನ್ನು ಕಾಲೇಜಿನ ಎದುರಿನ ಚಹಾದ ಅಂಗಡಿಗೆ ಕರೆದ. ಬ್ಯೂರೆಟ್ ಚಹಾಕ್ಕೆ ಕರೆದದ್ದೇ ಅವಳಿಗೆ ಒಂದು ಬೆರಗು. “ಏನಪ್ಪಾ, ಕೆಲಸ ಸಿಕ್ತು ಅಂತ ತಲೆ ತಿರುಗಿದೆಯಾ?” ಎಂದು ಕೂತಳು. ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ನೀರಿನ ಬಾಟಲಿ, ಹತ್ತಿಯ ಉಂಡೆ, ಪುಸ್ತಕದಲ್ಲಿ ಬರೆದದ್ದೆಲ್ಲ ಅವಳ ಬಾಯಿಂದ ಬಂದದ್ದು, ಕಾಗದದ ಪಟ್ಟಿಯೂ ಹಾಗೆಯೇ. ಹನಿಹನಿಯಾಗಿ ಬರುತ್ತಿದ್ದವನು ಒಮ್ಮೆಗೇ ಖಾಲಿಯಾದ.

ರೇಡಿಯೋ ಬಹಳ ಹೊತ್ತು ಸುಮ್ಮನಿದ್ದಳು. ಅಂಗಡಿಯವನು ಕೂಡ ಏನಾಯಿತೆಂದು ತಿರುಗಿ ನೋಡಿದ.

“ಅಂದ್ರೆ ಅಲ್ಲಿ ಗೆದ್ದಿದ್ದು ನಾನೇ” ಎಂದಳು.

“ನೀನೇ.”

“ಮೂರು ದಿನದಿಂದ ನನ್ನ ಮೂಗು ಯಾತಕ್ಕೂ ಬಾರದ್ದು ಅಂತ ನಾನು ಮನೇಲಿ ಯಾರ ಹತ್ರನೂ ಮಾತಾಡಿಲ್ಲ ಕಣೋ. ನಮ್ಮಪ್ಪ ಹೆದರಿ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ್ವಾ ಅಂದ್ರು.” ಅವಳ ಕೆನ್ನೆ ಕೆಂಪಾಗಿತ್ತು. “ಬಾಯಿ ಬಿಡಬಾರದಿತ್ತೇನೋ? ಮೂರು ವರ್ಷ! ನಾನೇನು ನಿನ್ನ ನುಂಗಿಬಿಡ್ತಿದ್ನಾ?”

“ಹೇಳಿದ್ರೆ ವಿಷಯ ಬಿಡಿಸ್ತಾರೆ ಅಂತ...”

“ನನಗೆ ಹೇಳೋಕೆ ಏನಾಗಿತ್ತು?”

ಇಷ್ಟು ಹೇಳಿದ ಮೇಲೆ ಇನ್ನು ಮುಚ್ಚಿಡುವುದಾದರೂ ಏನು ಎಂದು, ಮೂರು ವರ್ಷ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೇಳಿಬಿಟ್ಟ. ನೆಲ ನೋಡುತ್ತ ಕೇಳಿದ. “ನನ್ನಿಂದ ಏನಾದ್ರೂ ವಾಸನೆ ಬರುತ್ತಾ?”

ಅವಳಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಮೇಜಿನ ಮೇಲೆ ಬಾಗಿ, ಕಾಗದದ ಪಟ್ಟಿ ಮೂಸಿದ ಹಾಗೆ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದಳು.

“ಬರುತ್ತೆ. ಯಾವಾಗ್ಲೂ ಬರುತ್ತೆ. ಆಸ್ಪತ್ರೆ.”

“ಆಸ್ಪತ್ರೆಯಾ?”

“ವಾರ್ಡಿನ ವಾಸನೆ. ಕೆಂಪು ಸೋಪು, ಔಷಧಿ ನೀರು. ನಮಗೆಲ್ಲ ಮೊದಲ ವರ್ಷದಿಂದ ಗೊತ್ತು. ನಿಮ್ಮ ಮನೇಲಿ ಯಾರೋ ಹಾಸಿಗೆ ಹಿಡಿದಿದ್ದಾರೆ, ನೀನೇ ನೋಡ್ಕೊಳ್ತೀಯ ಅಂತ ಅಂದ್ಕೊಂಡಿದ್ವಿ. ಪಾಪ, ಕೇಳಿ ನೋಯಿಸಬಾರದು ಅಂತ ಯಾರೂ ಹತ್ರ ಬಂದು ಕೇಳಲಿಲ್ಲ. ಯಾರಿಗೆ ಕಾಯಿಲೆ?”

“ಯಾರಿಗೂ ಇಲ್ಲ” ಎಂದ ಬ್ಯೂರೆಟ್.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗು ಉಕ್ಕಿತು. ನಕ್ಕು ನಕ್ಕು, ನಡುವೆ ಎಲ್ಲೋ ಅದು ನಗುವಾಗಿ ಉಳಿಯಲಿಲ್ಲ. ತನ್ನ ಲೋಟವನ್ನು ಅವನ ಕಡೆ ಸರಿಸಿ, “ಕುಡಿ, ತಣ್ಣಗಾಗುತ್ತೆ” ಎಂದಳು. ಅವನ ಮುಂದೆ ಅವನದೇ ಲೋಟ ತುಂಬಿ ನಿಂತಿತ್ತು.

ಸೋಮವಾರ ಅವನು ಪರಿಮಳ ವಿಭಾಗಕ್ಕೆ ಹೋಗಿ ನಿಂತುಕೊಂಡೇ ಹೇಳಿದ. ಮುಖ್ಯಸ್ಥರು ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ಅರ್ಧಕ್ಕೆ ಬಿಟ್ಟರು.

“ಆದರೆ ನೀನು ಬರೆದಿದ್ದು ಸರಿಯಾಗೇ ಇತ್ತಲ್ಲಯ್ಯ.”

“ಬರೆದಿದ್ದು ನಾನೇ ಸರ್. ಮೂಸಿದ್ದು ಅವಳು.”

ಅವರು ಕಿಟಕಿಯ ಹತ್ತಿರ ಹೋಗಿ ಉಳಿದ ಗುಂಡಿಗಳನ್ನು ಹಾಕಿಕೊಂಡರು. ಮೋಸ ಹೋದ ಸಿಟ್ಟೋ, ಅಷ್ಟು ವರ್ಷದ ಕಸುಬಿನವರು ಕಾಗದದ ಮೇಲಿನ ಹೆಸರುಗಳಿಗೆ ಮರುಳಾದ ಮುಜುಗರವೋ, ಗೊತ್ತಾಗಲಿಲ್ಲ. “ನಾಳೆಯಿಂದ ಆ ಹುಡುಗಿಗೆ ಬರೋಕೆ ಹೇಳು” ಎಂದರು.

“ಹೇಳ್ತೀನಿ ಸರ್. ಬೇರೆ ವಿಭಾಗದಲ್ಲಿ ಏನಾದ್ರೂ... ತೂಕ ಹಾಕೋದು, ಕ್ಷಾರ ಅಳೆಯೋದು, ಅದೆಲ್ಲ ನನಗೆ...”

“ನೋಡೋಣ” ಎಂದರು. ಆ ‘ನೋಡೋಣ’ದ ಅರ್ಥ ಕೆಲಸ ಹುಡುಕುವ ಎಲ್ಲರಿಗೂ ಗೊತ್ತು.

ಹೊರಗೆ ಪ್ಯಾಕಿಂಗ್ ವಿಭಾಗದ ಮುಂದೆಯೇ ಹಾದುಹೋಗಬೇಕಿತ್ತು. ಭಾವ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಡದೆ ಅವನನ್ನು ನೋಡಿದ. ಜೊತೆಯವನೊಬ್ಬ “ಏನ್ ಮೇಸ್ತ್ರಿ, ನಿಮ್ಮ ಮೂಗು ವಾಪಸ್ ಹೊರಟಿತಲ್ಲ!” ಎಂದು ಕೂಗಿದ. ಎಲ್ಲರೂ ನಕ್ಕರು. ಭಾವ ಆಮೇಲೆ ಬಹಳ ಕಾಲ ಅವನ ಜೊತೆ ಅಕ್ಕನ ಮೂಲಕವೇ ಮಾತಾಡಿದ. ‘ನಿನ್ನ ತಮ್ಮನಿಗೆ ಊಟಕ್ಕೆ ಏಳು ಅನ್ನು’ ಎಂಬಂತೆ.

ರೇಡಿಯೋ ಸೇರಿಕೊಂಡಳು. ಅವಳು ಬಹಳ ಮೇಲೆ ಹೋದಳು, ಹೋಗಬೇಕಾದವಳೇ. ಮೊದಮೊದಲು ವಾರಕ್ಕೊಮ್ಮೆ ಚಹಾಕ್ಕೆ ಸಿಗುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಅವಳಿಗೆ ಬೇರೆ ಊರಿಗೆ ವರ್ಗವಾಯಿತು. ಕಾಲೇಜಿನ ಮೇಡಂ ಇವನಿಗೆ ಇನ್ನೊಂದು ಕಡೆ ಹೇಳಿದರು. ಊರಿನ ಕೊಳಚೆ ನೀರು ಶುದ್ಧಮಾಡುವ ಕಡೆ ಪ್ರಯೋಗಶಾಲೆಯಲ್ಲಿ ಯಾರೂ ನಿಲ್ಲುತ್ತಿಲ್ಲ, ಬಂದವರೆಲ್ಲ ತಿಂಗಳೊಳಗೆ ಓಡಿಹೋಗುತ್ತಿದ್ದಾರೆ ಎಂದರು. ಅಲ್ಲಿಯ ಎಂಜಿನಿಯರರ ಮುಂದೆ ಇವನು ಕೂತು, ಅವರು ಏನಾದರೂ ಕೇಳುವ ಮೊದಲೇ, ತನಗೆ ವಾಸನೆ ತಿಳಿಯುವುದಿಲ್ಲ ಎಂದ. ಎಂಜಿನಿಯರು ಕರವಸ್ತ್ರದ ಹಿಂದಿನಿಂದಲೇ ನಕ್ಕರು. “ನಿನ್ನಂಥ ಅದೃಷ್ಟವಂತ ಇಲ್ಲ ಬಿಡಪ್ಪ. ದೇವರು ನಿನ್ನನ್ನ ಇಲ್ಲಿಗಂತಲೇ ಕಳಿಸಿದ್ದಾನೆ.”

ಆ ಮಾತನ್ನು ಅವನು ಮರೆಯಲಿಲ್ಲ. ಸಿಟ್ಟಿನಿಂದಲ್ಲ. ಅವನಿಗೆ ಬೇಕಾದದ್ದೆಲ್ಲ ಅಲ್ಲಿತ್ತು: ಗಾಜು, ತಕ್ಕಡಿ, ಕಿಟಕಿಯ ಪಕ್ಕ ಸಾಲಾಗಿ ಬ್ಯೂರೆಟ್ಟುಗಳು, ಹನಿ ಬಿದ್ದೊಡನೆ ಬದಲಾಗುವ ಬಣ್ಣಗಳು. ಅಲ್ಲಿಂದ ಅವನನ್ನು ಯಾರೂ ಎಬ್ಬಿಸುವಂತಿರಲಿಲ್ಲ, ಯಾಕೆಂದರೆ ಅಲ್ಲಿ ಬಂದು ಕೂರಲು ಇನ್ನೊಬ್ಬರು ಇರಲಿಲ್ಲ. ಕೆಲಸ ಮಾಡಿದಷ್ಟು ವರ್ಷವೂ ಅವನ ಲೆಕ್ಕಕ್ಕೆ ಯಾರೂ ಬೆರಳು ತೋರಿಸಲಿಲ್ಲ. ಆ ನೀರನ್ನು ಆಚೆ ಕಡೆಯ ಹೊಲಗಳಿಗೆ ಬಿಡಬಹುದೇ ಬೇಡವೇ ಎಂಬುದು ಅವನ ಒಂದು ಮಾತಿನ ಮೇಲೆ ನಿಲ್ಲುತ್ತಿತ್ತು. ಅದನ್ನು ಹೇಳಿಕೊಳ್ಳುವಾಗ ಮಾತ್ರ ಅವನ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು.

ಅಕ್ಕನ ಮನೆ ಬಿಟ್ಟು ಒಂದು ಕೋಣೆ ಹಿಡಿದಿದ್ದ. ಅಕ್ಕ ಇರುವವರೆಗೆ ರಜೆಯ ದಿನ ಹೋಗಿ ಉಣ್ಣುತ್ತಿದ್ದ. ಅವಳು ಬಡಿಸಿ ಎದುರಿಗೆ ಕೂತು, ಏನೂ ಕೇಳದೆ ಅವನು ತಿನ್ನುವುದನ್ನು ನೋಡುತ್ತಿದ್ದಳು.

ಕೆಂಪು ಸೋಪನ್ನು ಅವನು ಆ ಚಹಾದ ಅಂಗಡಿಯ ದಿನವೇ ಬಿಟ್ಟಿದ್ದ. ಮುಚ್ಚಿಡುವುದನ್ನೂ ಬಿಟ್ಟಿದ್ದ. ಬಸ್ಸಿನ ಕಂಡಕ್ಟರು, ಹೊಸ ನೆರೆಯವರು, ಪುಸ್ತಕದಂಗಡಿಯವರು, ಯಾರ ಪರಿಚಯವಾದರೂ ಮೊದಲ ಸಲವೇ ಹೇಳಿಬಿಡುತ್ತಿದ್ದ. “ನಾನು ಕೊಳಚೆ ನೀರಿನ ಕಡೆ ಕೆಲಸ ಮಾಡೋನು. ನನಗೆ ವಾಸನೆ ಗೊತ್ತಾಗಲ್ಲ. ನನ್ನಿಂದ ಏನಾದ್ರೂ ಬಂದ್ರೆ ದಯವಿಟ್ಟು ಹೇಳಿ. ಬೇಜಾರು ಮಾಡ್ಕೊಳಲ್ಲ.”

“ಛೆ ಛೆ, ಹಾಗೇನಿಲ್ಲ” ಎನ್ನುತ್ತಿದ್ದರು ಎಲ್ಲರೂ. ಎಲ್ಲರೂ ಒಳ್ಳೆಯವರು. ಅವನು ಅವರ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅವನು ಬಸ್ಸಿನ ಕೊನೆಯ ಸೀಟಿಗೆ ಹೋಗಿ, ಕಿಟಕಿ ಪೂರ್ತಿ ತೆರೆದು ಕೂರುತ್ತಿದ್ದ. ಅಲ್ಲಿಯ ತನಕ ಹೋಗಿ ಅವನ ಪಕ್ಕದಲ್ಲಿ ಕೂತವರು ಬಹಳ ಜನ ಇರಲಿಲ್ಲ. ಕೂತವರಲ್ಲಿಯೂ, ಅವನೇ ಕೇಳಿಕೊಂಡಿದ್ದರೂ, ತಮ್ಮ ಮೂಗಿಗೆ ಬಂದದ್ದನ್ನು ಒಮ್ಮೆಯಾದರೂ ಅವನಿಗೆ ಹೇಳಿದವರು ಯಾರೂ ಇಲ್ಲ.